ಉಮ್ಮತ್ತಿ ಕುಡಿದವಳ ಮಂಚದ ಪಕ್ಕ

ವಿಷ ಕುಡಿದವರನ್ನು ಕರೆತಂದರೆ ನಾನು ಎಲ್ಲಕ್ಕಿಂತ ಮೊದಲು ಬಾಯಿಯ ವಾಸನೆ ನೋಡುತ್ತಿದ್ದೆ. ನಾಡಿ ಆಮೇಲೆ, ಬಿ.ಪಿ. ಆಮೇಲೆ. ಚಿಂತಾಮಣಿಯ ಸುತ್ತ ಟೊಮೇಟೊ, ಕೋಸು ಬೆಳೆಯದ ಊರಿರಲಿಲ್ಲ, ಅವಕ್ಕೆ ಹೊಡೆಯುವ ಔಷಧಿಯ ಡಬ್ಬ ಇಲ್ಲದ ಮನೆಯೂ ಇರಲಿಲ್ಲ. ಗಂಡನ ಮೇಲೆ ಸಿಟ್ಟು ಬಂದರೆ, ಎಸ್ಸೆಸ್ಸೆಲ್ಸಿ ಫೇಲಾದರೆ, ಅತ್ತೆ ಒಂದು ಮಾತು ಹೆಚ್ಚು ಆಡಿದರೆ ಕೈಗೆ ಸಿಗುತ್ತಿದ್ದುದು ಅದೇ ಡಬ್ಬ. ಎಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ನಮ್ಮ ಧರ್ಮಾರ್ಥ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅಂಥ ಕೇಸು ಇಲ್ಲದ ವಾರ ನನಗೆ ನೆನಪಿಲ್ಲ.

ಹೀಗಾಗಿ ನಮ್ಮ ಕೈಗೆ ಒಂದು ರೂಢಿ ಬಿದ್ದಿತ್ತು. ಬಾಯಿಂದ ದಪ್ಪ ನಳಿಕೆ ಇಳಿಸಿ ಹೊಟ್ಟೆ ತೊಳೆಯುವುದು. ತೊಳೆದ ನೀರಿನಲ್ಲಿ ಮೊದಲ ಬಾಟಲಿಯನ್ನು ಪೊಲೀಸರಿಗೆಂದು ಎತ್ತಿಡುವುದು. ಬಟ್ಟೆ ಬಿಚ್ಚಿ ಮೈ ತೊಳೆಯುವುದು. ಅಟ್ರೋಪಿನ್ ಚುಚ್ಚುತ್ತಾ ಹೋಗುವುದು. ಔಷಧಿ ಕುಡಿದವರ ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿರುತ್ತದೆ, ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಪಾಪೆ ಅಗಲವಾಗಿ, ನಾಲಿಗೆ ಒಣಗುವವರೆಗೆ ಅಟ್ರೋಪಿನ್ ಹಾಕಬೇಕು. ಆಮೇಲೂ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎದೆಯಲ್ಲಿ ನೀರು ತುಂಬಿಕೊಂಡು ರೋಗಿ ಕೈತಪ್ಪುತ್ತಾರೆ. ಇಷ್ಟನ್ನೂ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಎಚ್ಚರವಿದ್ದೂ ನಿದ್ದೆಯಲ್ಲಿ ಮಾಡಿದ ಹಾಗೆಯೇ ಮಾಡುತ್ತಿದ್ದೆ. ಯಾರೂ ದೂರು ಹೇಳಿರಲಿಲ್ಲ, ಕೆಲಸ ಚೆನ್ನಾಗಿಯೇ ಆಗುತ್ತಿತ್ತು.

ಆ ದಿನ ಅಮಾವಾಸ್ಯೆ, ಓಪಿಯಲ್ಲಿ ಜನ ಕಡಿಮೆ. ಬೆಳಿಗ್ಗೆ ಹತ್ತು ಗಂಟೆ ಕಳೆದು ಒಂದು ಮೆಟಡೋರ್ ವ್ಯಾನು ಗೇಟಿನೊಳಗೆ ಬಂತು. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯವರು. ಗಂಡ ಹೆಂಡತಿ ಇಬ್ಬರೂ ರೇಷ್ಮೆ ನೂಲು ತೆಗೆಯುವ ಕೆಲಸದವರು ಎಂದು ಕೈ ನೋಡಿದರೇ ಗೊತ್ತಾಗುತ್ತಿತ್ತು. ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಹೆಂಡತಿಗೆ ಇಪ್ಪತ್ತೆಂಟು ಮೂವತ್ತು ಇರಬಹುದು. ನಾಲ್ಕು ಜನ ಹಿಡಿದುಕೊಂಡಿದ್ದರೂ ಎದ್ದೆದ್ದು ಬೀಳುತ್ತಿದ್ದಳು. ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯುತ್ತಿದ್ದಳು.

"ಏನು ಕುಡಿದ್ಲಪ್ಪ?" ಅಂದೆ.

ಗಂಡ ಒಂದು ಚೀಟಿ ಕೊಟ್ಟ. ಅವರ ಊರಿನ ಖಾಸಗಿ ವೈದ್ಯನೊಬ್ಬ ಬರೆದದ್ದು: ಬೆಳೆಗೆ ಹೊಡೆಯುವ ವಿಷ, ಅಟ್ರೋಪಿನ್ ಕೊಡಲಾಗಿದೆ, ದೊಡ್ಡ ಆಸ್ಪತ್ರೆಗೆ ಕಳಿಸಲಾಗಿದೆ.

"ಔಷಧೀನೇನಾ?"

"ಹೂ ಸಿಸ್ಟರ್. ಟೊಮೇಟೊಗೆ ಹೊಡೆಯೋದು." ಅವನು ನೆಲ ನೋಡಿಕೊಂಡು ಹೇಳಿದ. ಜೊತೆಯಲ್ಲಿ ಬಂದ ಹೆಂಗಸೊಬ್ಬಳು, "ಮಗು ಹೋಗಿ ಎಂಟು ತಿಂಗ್ಳಾಯ್ತು ಸಿಸ್ಟರಮ್ಮ, ಅವತ್ತಿಂದ ಹಿಂಗೇ ಮಂಕಾಗ್ಬಿಟ್ಟಿದ್ಲು" ಎಂದಳು. ಅದನ್ನು ಕೇಳಿದ ಮೇಲೆ ನಮಗೆ ಯಾರಿಗೂ ಇನ್ನೊಂದು ಪ್ರಶ್ನೆ ಹುಟ್ಟಲಿಲ್ಲ. ಮಗು ಕಳೆದುಕೊಂಡ ತಾಯಿ ಇನ್ನೇನು ಕುಡಿಯುತ್ತಾಳೆ?

ಮೈ ಕಾದ ಹೆಂಚಿನ ಹಾಗಿತ್ತು. ಮುಖ ಕೆಂಪಗೆ ಉರಿಯುತ್ತಿತ್ತು. ನಾಲಿಗೆ ಒಣಗಿ ಮರದ ಚೂರಾಗಿತ್ತು, ಪಾಪೆ ಕಣ್ಣೆಲ್ಲ ತುಂಬುವಷ್ಟು ಅಗಲ. ಅಟ್ರೋಪಿನ್ ಆಗಲೇ ಬಿದ್ದಿದೆ ಎಂದು ಚೀಟಿ ಹೇಳುತ್ತಿತ್ತು, ಅಟ್ರೋಪಿನ್ ಬಿದ್ದವರು ಹೀಗೆಯೇ ಇರುತ್ತಾರೆ. ಲೆಕ್ಕ ಸರಿಹೋಯಿತು. ನಮ್ಮ ಡಾಕ್ಟರು ಹಳಬರು, ಒಳ್ಳೆಯವರು, ಆ ಹೊತ್ತಿಗೆ ಒಂದು ಸಿಸೇರಿಯನ್‌ಗೆ ಕೈ ತೊಳೆಯಲು ಹೊರಟವರು. ನಿಂತಲ್ಲೇ ನೋಡಿ, "ಹೊಟ್ಟೆ ತೊಳೀರಿ. ಅರ್ಧ ಗಂಟೆಗೊಂದ್ಸಲ ಅಟ್ರೋಪಿನ್ ಹೋಗ್ತಾ ಇರ್ಲಿ. ನಿಲ್ಲಿಸ್ಬೇಡಿ" ಎಂದು ಬರೆದು ಆಪರೇಷನ್ ಥಿಯೇಟರಿಗೆ ಹೋದರು.

ಮಗ್ಗುಲಿಗೆ ಮಲಗಿಸಿ ನಳಿಕೆ ಇಳಿಸಿದೆ. ಮೇಲಿನ ತುದಿಗೆ ಫನಲ್ ಸಿಕ್ಕಿಸಿ ನೀರು ಹುಯ್ದು ಬಕೆಟ್ಟಿಗೆ ಬಗ್ಗಿಸಿದೆ. ಮೊದಲ ನೀರು ಹಾಲಿನ ಬಣ್ಣದಲ್ಲಿ ಬಂತು, ಜೊತೆಗೆ ಜಜ್ಜಿದ ಮೆಣಸಿನಕಾಯಿ ಬೀಜದಂಥ ಚೂರುಗಳು. ಬೆಳಿಗ್ಗೆ ಚಟ್ನಿ ತಿಂದಿರಬೇಕು ಅಂದುಕೊಂಡೆ. ರೂಢಿಯಂತೆ ಬಗ್ಗಿ ಮೂಸಿದೆ.

ವಾಸನೆ ಇರಲಿಲ್ಲ.

ಇದನ್ನು ನಾನು ಇಷ್ಟು ವರ್ಷವಾದ ಮೇಲೂ ಯಾರ ಮೇಲೂ ಹಾಕುವಂತಿಲ್ಲ. ಆ ಔಷಧಿಗಳಿಗೆ ಒಂದು ಘಾಟು ಇರುತ್ತದೆ, ಸೀಮೆಎಣ್ಣೆಗೆ ಬೆಳ್ಳುಳ್ಳಿ ಅರೆದು ಹಾಕಿದ ಹಾಗೆ. ಒಂದು ಸಲ ಮೂಸಿದವರು ಮರೆಯುವುದಿಲ್ಲ, ನಾನಂತೂ ಊಟಕ್ಕೆ ಕೂತಾಗಲೂ ಅದನ್ನೇ ಮೂಸಿದವಳು. ಈ ಬಕೆಟ್ಟಿನಿಂದ ಬಂದದ್ದು ಬೆಲ್ಲದ, ಹಾಲಿನ ವಾಸನೆ. ಅದು ನನಗೆ ಗೊತ್ತಾಯಿತು. ಗೊತ್ತಾಗಿಯೂ ನಳಿಕೆ ತೊಳೆದಿಟ್ಟು, ಮೊದಲ ಬಾಟಲಿಗೆ ಚೀಟಿ ಅಂಟಿಸಿ, ಡ್ರಿಪ್ ಹಚ್ಚಿ, ಹತ್ತೂ ಮುಕ್ಕಾಲಿಗೆ ಅಟ್ರೋಪಿನ್ ಕೊಟ್ಟೆ. ಹನ್ನೊಂದೂ ಕಾಲಿಗೆ ಕೊಟ್ಟೆ. ಹನ್ನೊಂದೂ ಮುಕ್ಕಾಲಿಗೆ ಕೊಟ್ಟೆ. ಆರ್ಡರ್ ಬರೆದಿತ್ತು, ಕೈ ಅದರ ಪಾಡಿಗೆ ನಡೆಯಿತು. ಜ್ವರ ನೂರಮೂರರಿಂದ ನೂರೈದಕ್ಕೆ ಏರಿದ್ದನ್ನು ಚಾರ್ಟಿನಲ್ಲಿ ಅಂದವಾಗಿ ಗೆರೆ ಎಳೆದು ತೋರಿಸಿದೆ. ನಾಡಿ ಎಣಿಸಲು ಆಗದಷ್ಟು ಓಡುತ್ತಿತ್ತು; ಅದನ್ನೂ ಹಾಗೆಯೇ ಬರೆದೆ. ಮಾತಿನ ಕಾಲಮ್ಮಿನಲ್ಲಿ ಬರೆದೆ: ಅಸಂಬದ್ಧ ಮಾತು.

ಹನ್ನೆರಡೂ ಕಾಲಿನ ಆಂಪೂಲ್ ಮುರಿದು ಸಿರಿಂಜಿಗೆ ಎಳೆದುಕೊಂಡಿದ್ದೆ. ವಾರ್ಡಿನ ಆಯಾ ಬಕೆಟ್ ತೊಳೆಯಲು ಎತ್ತಿದವಳು ಹಾಗೆಯೇ ನಿಂತಳು. ಚಿಂತಾಮಣಿಯವಳೇ, ಮನೆಯಲ್ಲಿ ಉರ್ದು, ನಮ್ಮ ಜೊತೆ ಅವಳದೇ ಒಂದು ಕನ್ನಡ. ನನಗಿಂತ ಹತ್ತು ವರ್ಷ ದೊಡ್ಡವಳು.

"ಸಿಸ್ಟರಮ್ಮ, ಇದು ಏನ್ ಬೀಜ ನೋಡಿದ್ರಾ?"

"ಮೆಣಸಿನಕಾಯಿದು."

"ಅಲ್ಲ. ಮೆಣಸಿನಕಾಯಿದು ತೆಳ್ಳಗೆ ಇರ್ತದೆ. ಇದು ದಪ್ಪ ಅದೆ, ಕಿವಿ ಥರಾ ಅದೆ ನೋಡಿ." ಅಂಗೈಯಲ್ಲಿ ಮೂರ್ನಾಲ್ಕು ಇಡೀ ಬೀಜ ಹಿಡಿದು ತೋರಿಸಿದಳು. "ನಮ್ ದಾದಿಗೆ, ಅಪ್ಪನ ಅಮ್ಮನಿಗೆ, ದಮ್ಮು ಇತ್ತು, ಇದರ ಎಲೆ ಸುಟ್ಟು ಹೊಗೆ ಕುಡೀತಿದ್ರು. ಬೀಜ ಮುಟ್ಟಬೇಡ ಅಂತ ನಮಗೆ ಹೊಡೀತಿದ್ರು. ದತೂರ ಇದು. ನೀವು ಉಮ್ಮತ್ತಿ ಅಂತೀರಲ್ಲ, ಅದು."

ಉಮ್ಮತ್ತಿಯ ವಿಷ ಯಾವುದೆಂದು ನಾನು ನರ್ಸಿಂಗ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಅಟ್ರೋಪಿನ್ನೇ. ಬೇಲಿಯಲ್ಲಿ ಬೆಳೆದರೆ ಉಮ್ಮತ್ತಿ, ಆಂಪೂಲಿನಲ್ಲಿದ್ದರೆ ಅಟ್ರೋಪಿನ್. ಹೊಟ್ಟೆ ತುಂಬ ಅದನ್ನು ಕುಡಿದು ಬಂದವಳಿಗೆ ನಾನು ಒಂದೂವರೆ ಗಂಟೆಯಿಂದ ಅದನ್ನೇ ನರಕ್ಕೆ ಕೊಡುತ್ತಿದ್ದೆ.

ಸಿರಿಂಜನ್ನು ಟ್ರೇಯಲ್ಲಿಟ್ಟೆ. ಇಲ್ಲಿ ಒಂದು ವಿಷಯ ಹೇಳಬೇಕು. ಡಾಕ್ಟರ ಆರ್ಡರನ್ನು ಕೇಳದೆ ತಪ್ಪಿಸುವ ನರ್ಸಿಗೆ ಕೆಲಸ ಉಳಿಯುತ್ತಿರಲಿಲ್ಲ, ಅದು ಹಾಗಿರಲಿ. ಆಯಾ ಹೇಳಿದ್ದು ತಪ್ಪಾಗಿದ್ದು, ಇವಳು ನಿಜವಾಗಿ ಔಷಧಿಯನ್ನೇ ಕುಡಿದಿದ್ದರೆ, ಈ ಒಂದು ಇಂಜೆಕ್ಷನ್ ತಪ್ಪಿದ್ದಕ್ಕೇ ಅವಳ ಎದೆ ತುಂಬಿಕೊಳ್ಳಬಹುದಿತ್ತು. ಥಿಯೇಟರಿನಲ್ಲಿ ಹೊಟ್ಟೆ ತೆರೆದಿದೆ, ಡಾಕ್ಟರು ಈಚೆ ಬರುವಂತಿಲ್ಲ. ನಾನು ಚಾರ್ಟಿನಲ್ಲಿ 'ಹನ್ನೆರಡೂ ಕಾಲು, ಕೊಟ್ಟಿಲ್ಲ' ಎಂದು ಬರೆದು ಸಹಿ ಹಾಕಿ, ಬೀಜಗಳನ್ನು ಕಿಡ್ನಿ ಟ್ರೇಯಲ್ಲಿ ಹಾಕಿಕೊಂಡು ಜಗಲಿಗೆ ಹೋದೆ.

ಗಂಡ ಕಂಬಕ್ಕೆ ಒರಗಿ ಕುಕ್ಕುರುಗಾಲಲ್ಲಿ ಕೂತಿದ್ದ.

"ಏನಪ್ಪ, ಏನು ಕುಡಿದ್ಲು?"

"ಆಗ್ಲೇ ಹೇಳಿದ್ನಲ್ಲ ಸಿಸ್ಟರ್, ಔಷಧಿ."

"ಯಾವ ಔಷಧಿ? ಡಬ್ಬ ಯಾವ ಬಣ್ಣ?"

ಟ್ರೇ ಅವನ ಮೂಗಿನ ಕೆಳಗೆ ಹಿಡಿದೆ. "ನೋಡು, ಔಷಧಿ ಕುಡಿದಿದ್ರೆ ನಾನು ಸೂಜಿ ಚುಚ್ಚಲೇಬೇಕು. ಇದನ್ನ ಕುಡಿದಿದ್ರೆ ಚುಚ್ಚಲೇಬಾರ್ದು. ಎರಡರಲ್ಲಿ ಒಂದು ತಪ್ಪಾದ್ರೂ ಸಾಯ್ತಾಳೆ. ಯಾವುದು ಅಂತ ನೀನು ಹೇಳ್ಬೇಕು, ನಂಗೆ ಹೇಳೋರು ಬೇರೆ ಯಾರೂ ಇಲ್ಲ."

ಅವನು ಬೀಜ ನೋಡಿದ, ನನ್ನನ್ನು ನೋಡಿದ. "ಆಣೆ ಇಟ್ಕೊಂಡಿದ್ದೀವಿ ಸಿಸ್ಟರ್, ಆಚೆ ಹೇಳ್ಬಾರ್ದು" ಅಂದ. ಆಮೇಲೆ ಅಳಲು ಶುರುಮಾಡಿ, ಅಳುತ್ತಲೇ ಎಲ್ಲ ಹೇಳಿದ.

ಅವರ ಊರಿನಲ್ಲಿ ಒಂದು ಸಣ್ಣ ಗುಂಪಿತ್ತು, ಜನ ಅವರನ್ನು ತತ್ವದವರು ಎನ್ನುತ್ತಿದ್ದರು. ಏಳೆಂಟು ಮಂದಿ, ತಂಬೂರಿ ಹಿಡಿದು ತೆಲುಗು ಕನ್ನಡ ಎರಡರಲ್ಲೂ ತತ್ವಪದ ಹಾಡುವವರು. ಅಮಾವಾಸ್ಯೆಯ ಬೆಳಿಗ್ಗೆ ಊರಾಚೆ ಗುಟ್ಟೆ ಎನ್ನುವ ಬಂಡೆಗುಡ್ಡದ ಮೇಲೆ ಸೇರಿ, ಹಾಲು ಬೆಲ್ಲ ಮೆಣಸಿನ ಜೊತೆ ಭಂಗಿ ಸೊಪ್ಪು ಕಾಸಿ ಕುಡಿದು ಕಣ್ಣು ಮುಚ್ಚಿ ಕೂರುವುದು ಅವರ ಪದ್ಧತಿ. ಅದರಿಂದ ಒಳಗಿನ ಕಣ್ಣು ತೆರೆಯುತ್ತದೆ, ದರ್ಶನವಾಗುತ್ತದೆ ಎಂದು ನಂಬಿದ್ದರು. ಸೊಪ್ಪನ್ನು ಅಳೆಯಲು ಹಿಂದಿನ ಗುರುವಿನ ಕಾಲದ ಒಂದು ಕೊಬ್ಬರಿ ಚಿಪ್ಪು ಇತ್ತು. ಒಂದು ಪಾತ್ರೆಗೆ ಒಂದು ಚಿಪ್ಪು. ಹೆಚ್ಚಿಲ್ಲ, ಕಡಿಮೆಯಿಲ್ಲ, ಅದು ಗುರುವಿನ ಅಳತೆ.

ಭಂಗಿಯ ಮೇಲೆ ಹೊಸ ಕಾನೂನು ಬಂದ ಮೇಲೆ ಸಂತೆಯಲ್ಲಿ ಸೊಪ್ಪು ಕೊಡುತ್ತಿದ್ದವನು ಕಾಣೆಯಾದ. ಕೆಲವು ಅಮಾವಾಸ್ಯೆ ಬರೀ ಹಾಡಿ ಎದ್ದರು. ಕೊನೆಗೆ ಗುಂಪಿನ ಹಿರಿಯರು, ಶಿವನ ತಲೆಯ ಮೇಲಿನ ಹೂವಿನ ಗಿಡವೇ ಬೇಲಿಯಲ್ಲಿರುವಾಗ ಯೋಚನೆ ಯಾಕೆ ಎಂದು ಉಮ್ಮತ್ತಿ ಕಾಯಿ ತಂದರು. ಬೀಜ ಬಿಡಿಸಿ, ಜಜ್ಜಿ, ಅದೇ ಚಿಪ್ಪಿನಲ್ಲಿ ಅಳೆದರು. ಒಣ ಸೊಪ್ಪು ಹತ್ತಿಯಷ್ಟು ಹಗುರ, ಬೀಜ ಒತ್ತಾಗಿ ಕೂರುತ್ತದೆ. ಅದು ಅವರಿಗೆ ಹೊಳೆಯಲಿಲ್ಲ ಎನ್ನುವಂತಿಲ್ಲ, ಅಳತೆ ಬದಲಿಸುವ ಅಧಿಕಾರ ತಮಗಿಲ್ಲ ಎಂದುಕೊಂಡಿದ್ದರು. ಗಂಡಸರು ಮೊದಲು ಕುಡಿದರು, ತಿಳಿ ಅವರಿಗೆ ಹೋಯಿತು, ಬಾಯಿ ಒಣಗಿ ತಲೆ ಸುತ್ತಿದ್ದು ಬಿಟ್ಟರೆ ಅವರಿಗೆ ಹೆಚ್ಚೇನೂ ಆಗಲಿಲ್ಲ. ಇವಳಿಗೆ ಬಂದದ್ದು ತಳದ ಗಸಿ. ಸಾಲದ್ದಕ್ಕೆ ಹಿರಿಯರು ತಮ್ಮ ಪಾಲನ್ನೂ ಇವಳಿಗೇ ಕೊಟ್ಟಿದ್ದರು. ಇವಳು ಅವತ್ತು ಮೊದಲ ಸಲ ಗುಟ್ಟೆ ಹತ್ತಿದವಳು, ಸತ್ತ ಮಗಳನ್ನು ಒಂದು ಸಲ ಕಣ್ಣಾರೆ ನೋಡಬೇಕು, ಒಂದು ಮಾತು ಕೇಳಬೇಕು ಎಂದು ಬೇಡಿಕೊಂಡಿದ್ದಳಂತೆ.

"ಊರಲ್ಲಿ ಡಾಕ್ಟ್ರು ಔಷಧಿ ಕುಡಿದ್ಲಾ ಅಂತ ಅವರೇ ಕೇಳಿದ್ರು ಸಿಸ್ಟರ್. ನಾನು ಹೂ ಅಂದ್ಬಿಟ್ಟೆ. ಭಂಗಿ ಕೇಸು ಹಾಕ್ತಾರೆ, ಎಲ್ರನ್ನೂ ಎಳ್ಕೊಂಡು ಹೋಗ್ತಾರೆ ಅಂತ ಭಯ ಆಯ್ತು."

ಥಿಯೇಟರಿನ ಬಾಗಿಲಲ್ಲಿ ನಿಂತು ಕೂಗಿ ಹೇಳಿದೆ. ಡಾಕ್ಟರು ಹೊಲಿಗೆ ಮುಗಿಸಿ ಗೌನಿನಲ್ಲೇ ಬಂದರು. ಬೀಜ ನೋಡಿದರು, ಚಾರ್ಟು ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ನಾನು 'ಕೊಟ್ಟಿಲ್ಲ' ಎಂದು ಬರೆದ ಕಡೆ ಅವರು ತಮ್ಮ ಸಹಿಯನ್ನೂ ಹಾಕಿ, "ವಾಸನೆ ಇತ್ತಾ?" ಎಂದು ಕೇಳಿದರು.

"ಇರ್ಲಿಲ್ಲ ಸರ್."

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ಸಲ ತೊಳೆದಾಗ್ಲೇ."

ಅವರು ನನ್ನ ಮುಖ ನೋಡಿದರು. "ನಾನು ಮೂಸೋಕೂ ಬಗ್ಗಲಿಲ್ಲ ಬಿಡಿ" ಎಂದಷ್ಟೇ ಅಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಉಮ್ಮತ್ತಿಗೆ ನಮ್ಮಲ್ಲಿ ಮಾರುಮದ್ದು ಇರಲಿಲ್ಲ. ಇದ್ದದ್ದು ಕಾಯುವ ಕೆಲಸ. ಈ ವಿಷ ಹೊಟ್ಟೆಯ ಚಲನೆಯನ್ನೇ ನಿಲ್ಲಿಸುವುದರಿಂದ ಬೀಜ ಇನ್ನೂ ಒಳಗೇ ಇರುತ್ತದೆ ಎಂದು ಡಾಕ್ಟರು ಹೇಳಿದರು. ಮತ್ತೆ ನಳಿಕೆ ಇಳಿಸಿ ನೀರು ತಿಳಿಯಾಗುವವರೆಗೆ ತೊಳೆದೆವು, ಇನ್ನೂ ಒಂದು ಚಮಚದಷ್ಟು ಬೀಜ ಬಂತು. ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿತ್ತು, ಕೆಥೆಟರ್ ಹಾಕಿದೆವು. ಅಲುಗಾಟಕ್ಕೆ ಸ್ವಲ್ಪ ಸ್ವಲ್ಪವೇ ನಿದ್ದೆಯ ಇಂಜೆಕ್ಷನ್. ಮೂಲೆಯ ಮಂಚಕ್ಕೆ ಹಾಕಿ ಕಿಟಕಿಗೆ ಕಂಬಳಿ ಕಟ್ಟಿದೆವು, ಬೆಳಕು ಬಿದ್ದರೆ ಅವಳು ಕಿರುಚುತ್ತಿದ್ದಳು. ಬಾವಿಯ ನೀರಿನಲ್ಲಿ ಸೀರೆ ಅದ್ದಿ ಮೈಗೆ ಸುತ್ತಿ, ಫ್ಯಾನು ಹಾಕಿ, ಅದು ಬಿಸಿಯಾದ ಕೂಡಲೇ ಇನ್ನೊಂದು. ಆಯಾ ಮತ್ತು ನಾನು ಸಂಜೆ ಐದರವರೆಗೆ ಅದನ್ನೇ ಮಾಡಿದೆವು. ಜ್ವರ ಮೊಂಡು ಹಿಡಿದು ಮೊದಲ ಎರಡು ಗಂಟೆ ಅಲುಗಲಿಲ್ಲ. ಮೂರು ಗಂಟೆಗೆ ಒಂದು ಸಲ ಮೈ ಸೆಟೆದುಕೊಂಡು ಫಿಟ್ಸ್ ಬಂತು. ಆಗ ನಾನು ಇವಳೂ ಹೋದಳು ಅಂದುಕೊಂಡೆ. ಹಾಗೆಂದುಕೊಂಡಾಗ ಏನೂ ಅನ್ನಿಸಲಿಲ್ಲ. ಸಕ್ಷನ್ ಮಶೀನಿನ ಸ್ವಿಚ್ಚು ಒತ್ತಿದೆ.

ಅವಳ ಮಾತು ಮಾತ್ರ ನಿಂತಿರಲಿಲ್ಲ. ಬೆರಳುಗಳು ಗಾಳಿಯಲ್ಲಿ ಎಳೆ ಹುಡುಕುತ್ತಿದ್ದವು, ಗೂಡಿನಿಂದ ನೂಲಿನ ತುದಿ ಹಿಡಿಯುವ ಹಾಗೆ. ನಡುನಡುವೆ ಮಂಚದ ಬಲಕ್ಕೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ ಮಾತಾಡುತ್ತಿದ್ದಳು. ಒದ್ದೆ ಸೀರೆ ಬದಲಿಸುತ್ತಾ ಅದು ನನ್ನ ಕಿವಿಗೆ ಬೀಳುತ್ತಿತ್ತು.

"ಪುಟ್ಟೀ, ನೀರು ಕೊಟ್ರೇನೇ? ಕೊಟ್ರಾ ಇಲ್ವಾ ಹೇಳು... ನಾನು ಬರ್ಲಿಲ್ಲ ಅಂತ ಕೋಪಾನಾ? ಅವರು ಆಚೆ ಇರು ಅಂದ್ರು ಕಣಮ್ಮ. ಬಾಗ್ಲು ಹಾಕ್ಬಿಟ್ರು. ನಾನು ಅಲ್ಲೇ ಇದ್ದೆ, ಬಾಗ್ಲಾಚೆನೇ ಇದ್ದೆ." ಆಮೇಲೆ ತಿರುಗಿ ನನ್ನ ಕಡೆ ಬೊಟ್ಟು ಮಾಡಿದಳು. ಪಾಪೆ ಅಷ್ಟು ಅಗಲವಾಗಿದ್ದ ಕಣ್ಣಿಗೆ ನಾನು ಏನು ಕಂಡೆನೋ. "ನೋಡು, ಆ ಸಿಸ್ಟರೇ. ಇಲ್ಲೇ ಅವ್ರೆ."

ಆಯಾ ನನ್ನನ್ನು ನೋಡಿ ಕೆಳದನಿಯಲ್ಲಿ, "ಮಳೆಗಾಲದಲ್ಲಿ ಮಿದುಳು ಜ್ವರದ ಮಕ್ಕಳು ಬಂದಿತ್ತಲ್ಲ, ಆಗ ಇವಳನ್ನ ನೋಡಿದ ಹಾಗೆ ಅದೆ ಸಿಸ್ಟರಮ್ಮ" ಎಂದಳು.

ಆ ಮಳೆಗಾಲ ನನಗೆ ನೆನಪಿತ್ತು. ಒಂದೊಂದು ಮಂಚಕ್ಕೆ ಎರಡೆರಡು ಮಕ್ಕಳು, ಮೊಳೆ ಹೊಡೆದು ಗೋಡೆಗೆ ನೇತುಹಾಕಿದ ಡ್ರಿಪ್ ಬಾಟಲಿಗಳು. ಗಂಟಲಿನ ಕಫ ಎಳೆಯುವಾಗ, ಬೆನ್ನಿನಿಂದ ನೀರು ತೆಗೆಯುವಾಗ ಮನೆಯವರನ್ನು ಆಚೆ ಕಳಿಸಿ ಬಾಗಿಲು ಹಾಕಬೇಕಿತ್ತು. ಹಾಕುತ್ತಿದ್ದವಳು ನಾನು. ಬಾಗಿಲ ಚಿಲಕ ನೆನಪಿತ್ತು, ಬಾಟಲಿಗಳು ನೆನಪಿದ್ದವು. ಯಾವ ಮಗುವಿನ ಮುಖವೂ ನೆನಪಿರಲಿಲ್ಲ.

ಅವತ್ತು ರಾತ್ರಿ ಪಾಳಿಯವಳಿಗೆ ಒಪ್ಪಿಸಿ ಮನೆಗೆ ಹೋದೆ. ಅನ್ನ ಸಾರು ತಿಂದೆ, ಮಲಗಿದೆ, ನಿದ್ದೆ ಬಂತು. ನಿದ್ದೆ ಬಂದದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ನಾನು ಏನೋ ದುಃಖಪಟ್ಟೆನೆಂದು ಓದುವವರು ತಿಳಿದುಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆಗೆ ಜ್ವರ ನೂರಕ್ಕೆ ಇಳಿದಿತ್ತು. ಗಾಳಿಯಲ್ಲಿ ಎಳೆ ಹುಡುಕುವುದು ಕಡಿಮೆಯಾಗಿತ್ತು, ಮಾತು ಸವೆದು ಬರೀ ತುಟಿ ಅಲುಗುತ್ತಿತ್ತು. ಬದುಕಿದಳು ಎಂದು ಡಾಕ್ಟರು ಹೇಳಿದರು. ಪೊಲೀಸರಿಗೆ ಕಳಿಸುವ ಕಾಗದದಲ್ಲಿ ತಿಳಿಯದೆ ಉಮ್ಮತ್ತಿ ಬೀಜ ಸೇವಿಸಿದ್ದಾಳೆ ಎಂದು ಬರೆದರು. ಅದು ಸುಳ್ಳೂ ಅಲ್ಲ.

ಮಧ್ಯಾಹ್ನ ಗುಂಪಿನ ಹಿರಿಯರು ಬಂದರು. ಎಪ್ಪತ್ತು ದಾಟಿದ, ಬಿಳಿ ಗಡ್ಡದ, ಸಣ್ಣ ಮೈಕಟ್ಟಿನ ಮನುಷ್ಯ, ಒಂದು ಕಾಲದಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿ ಹಿಡಿಯುತ್ತಿದ್ದವರಂತೆ. ಮಲಗಿದ್ದವಳನ್ನು ನೋಡಿ, ಕೈಮುಗಿದು, ನನ್ನ ಮೇಜಿನ ಹತ್ತಿರ ಬಂದರು.

"ಏನಮ್ಮಾ, ಅವಳಿಗೆ ಕಾಣ್ತಾ? ಮಗೂನ ನೋಡಿದ್ಲಾ?"

ನನಗೆ ಎರಡು ದಿನದಲ್ಲಿ ಅದೊಂದೇ ಸಲ ರೇಗಿತು. "ತಾತಾ, ನೀವು ಕೊಟ್ಟಿದ್ದು ವಿಷ. ಅವಳು ಸತ್ತು ಬದುಕಿದ್ದಾಳೆ. ಒಂದು ಪ್ರಾಣ ತೆಗೀತಿದ್ರಿ. ಬಂದು ಕೇಳೋ ಮಾತಾ ಇದು?"

ಅವರು ತಲೆ ತಗ್ಗಿಸಿದರು. "ತಪ್ಪು ನಂದೇ. ನನ್ನ ಪಾಲು ನಾನೇ ಕುಡೀಬೇಕಿತ್ತು. ಪಾಪ, ಅಷ್ಟು ಬೇಡ್ಕೊಂಡ್ಲಲ್ಲ ಅಂತ ಕೊಟ್ಟೆ." ಮತ್ತೆ ಅವರಾಗಿಯೇ ಹೇಳಿದರು. "ನಂಗೆ ಒಂದೇ ಒಂದ್ಸಲ ಆಗಿದ್ದಮ್ಮ ಅದು, ಮೂವತ್ತು ವರ್ಷದ ಕೆಳಗೆ, ಅದೇ ಗುಟ್ಟೆ ಮೇಲೆ. ಭಂಗಿ ಕುಡಿದು ಕೂತಿದ್ದೆ. ನಾನು ಅನ್ನೋದು ಕರಗೋಯ್ತು. ಬಂಡೆ, ಅದರ ಮೇಲೆ ಮೇಯ್ತಿದ್ದ ಮೇಕೆ, ನಾನು, ಅಂತಾ ಒಕಟೇ, ಎಲ್ಲಾ ಒಂದೇ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅವತ್ತಿಂದ ನಂಗೆ ಸಾವು ಅಂದ್ರೆ ಭಯ ಇಲ್ಲ. ಸುಳ್ಳಲ್ಲಮ್ಮ, ಆಮೇಲೆ ಎಷ್ಟು ಸಲ ಕುಡಿದ್ರೂ ಅದು ಬರ್ಲಿಲ್ಲ. ಬರುತ್ತೆ ಬರುತ್ತೆ ಅಂತ ಕುಡಿದೆ."

ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಅನ್ನಿಸಿತು. ನನಗೂ ಸಾವಿನ ಭಯ ಇರಲಿಲ್ಲ. ಅದು ಯಾವ ಸೊಪ್ಪಿನಿಂದಲೂ ಬಂದದ್ದಲ್ಲ, ಡ್ಯೂಟಿ ಮಾಡಿ ಮಾಡಿ ಬಂದದ್ದು. ಎರಡೂ ಒಂದೇ ಅಲ್ಲವೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರಿಗೆ ಏನೋ ಸಿಕ್ಕಿ ಭಯ ಹೋಗಿತ್ತು, ನನಗೆ ಏನೋ ಹೋಗಿ ಭಯವೂ ಜೊತೆಗೆ ಹೋಗಿತ್ತು. ಬೀಜ ಅಳೆದ ಆ ಚಿಪ್ಪನ್ನು ಒಡೆದು ಹಾಕಿ ಎಂದೆ. ಹೂ ಅಂದರು. ಒಡೆದರೋ ಇಲ್ಲವೋ ನನಗೆ ತಿಳಿಯದು.

ಮೂರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಅವಳು ದಿಂಬಿಗೆ ಒರಗಿ ಕೂತಿದ್ದಳು. ಗಂಜಿ ಕುಡಿದಿದ್ದಳು. ಪಾಪೆ ಇನ್ನೂ ಪೂರ್ತಿ ಇಳಿದಿರಲಿಲ್ಲ, ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು. ನಾಡಿ ಹಿಡಿದಾಗ ನನ್ನ ಕೈ ಬಿಡಲಿಲ್ಲ.

"ಸಿಸ್ಟರ್, ನಂಗೆ ಏನೂ ಜ್ಞಾಪಕ ಇಲ್ಲ. ಹಾಲು ಕುಡಿದಿದ್ದು ಜ್ಞಾಪಕ, ಆಮೇಲೆ ಇವತ್ತು ಬೆಳಿಗ್ಗೆ ಈ ಗೋಡೆ. ನಡುವೆ ಏನೂ ಇಲ್ಲ. ನನ್ ಮಗಳು ಬಂದಿದ್ಲಂತೆ, ಮಾತಾಡ್ತಿದ್ದೆ ಅಂತ ಆಯಾ ಹೇಳಿದ್ರು. ಏನಂದ್ಲು?"

ಉಮ್ಮತ್ತಿ ಹೀಗೆಯೇ ಮಾಡುತ್ತದೆ. ಎಲ್ಲ ತೋರಿಸಿ, ತೋರಿಸಿದ್ದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಪ್ರಾಣ ಪಣಕ್ಕಿಟ್ಟು ಅವಳು ಕೇಳಲು ಹೋದದ್ದರಲ್ಲಿ ಅವಳಿಗೆ ಒಂದು ಚೂರೂ ಉಳಿದಿರಲಿಲ್ಲ.

"ನೀನು ಮಾತಾಡಿದ್ದು ಕೇಳಿಸ್ತಮ್ಮ. ಅವಳು ಏನಂದ್ಲು ಅನ್ನೋದು ನಮಗೆ ಹೇಗೆ ಕೇಳಿಸುತ್ತೆ?"

"ನಾನೇನು ಕೇಳಿದೆ?"

ಹೇಳಿದೆ. ನೀರು ಕೊಟ್ಟರಾ ಎಂದು ಕೇಳಿದ್ದು, ಬರಲಿಲ್ಲ ಅಂತ ಕೋಪವಾ ಎಂದದ್ದು, ಬಾಗಿಲ ಮಾತು. ಅವಳು ಕೇಳಿಸಿಕೊಂಡು, "ಅದನ್ನೇ ಕೇಳ್ಬೇಕಿತ್ತು" ಎಂದಳು. "ನಮ್ಮತ್ತೆ ಎಂಟು ತಿಂಗಳಿಂದ ಅದನ್ನೇ ಅಂತಾರೆ. ನೀನು ತಾಯಿ, ನುಗ್ಗಬೇಕಿತ್ತು, ಬಾಗ್ಲು ಬಡೀಬೇಕಿತ್ತು, ಗುಮ್ಮನ ಥರ ಆಚೆ ನಿಂತಿದ್ದೆ ಅಂತ. ಇವರೂ ಅಂತಾರೆ. ಸಿಟ್ಟು ಬಂದಾಗ."

ಇಂಥ ಹೊತ್ತಿನಲ್ಲಿ ಹೇಳುವ ಮಾತುಗಳು ನಮಗೆ ಅಭ್ಯಾಸವಿರುತ್ತವೆ. ಎಲ್ಲ ದೇವರ ಇಚ್ಛೆ, ಯೋಚನೆ ಮಾಡಬೇಡ, ರೆಸ್ಟ್ ತಗೋ. ಬಾಯಿಗೆ ಬಂದಿತ್ತು. ಹೇಳಲಿಲ್ಲ. ಮಗುವಿನ ಹೆಸರು, ತಿಂಗಳು ಕೇಳಿಕೊಂಡು ಹಳೆಯ ಕಾಗದಗಳ ಕೋಣೆಗೆ ಹೋದೆ. ಮಳೆಗಾಲದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕಿತು. ಏಳು ವರ್ಷದ ಹುಡುಗಿ. ಕೊನೆಯ ದಿನದ ಹಾಳೆಯಲ್ಲಿ ಇದ್ದದ್ದು ನನ್ನ ಕೈಬರಹ.

ಓದಿದೆ. ಇನ್ನೊಂದು ಸಲ ಓದಿದೆ. ಏನಾದರೂ ನೆನಪಾಗುತ್ತದೆಯೇ ಎಂದು ಅಲ್ಲಿಯೇ ಸ್ಟೂಲಿನ ಮೇಲೆ ಕೂತೆ. ಏನೂ ನೆನಪಾಗಲಿಲ್ಲ.

ಹಾಳೆ ತೆಗೆದುಕೊಂಡು ಅವಳ ಮಂಚದ ಪಕ್ಕ ಬಂದೆ. ರೋಗಿಗಳ ಮನೆಯವರಿಗೆ ಕೇಸ್‌ಶೀಟ್ ಓದಿ ಹೇಳುವ ಪದ್ಧತಿ ಇಲ್ಲ. ಅದು ಇಂಗ್ಲಿಷಿನಲ್ಲಿತ್ತು, ಕನ್ನಡ ಮಾಡಿ ಓದಿದೆ. "ಹತ್ತೂ ನಲವತ್ತು. ನೀರು ಕೇಳುತ್ತಿದ್ದಾಳೆ. ಬಾಯಿಂದ ಏನೂ ಕೊಡುವಂತಿಲ್ಲ. ಹತ್ತಿಯಲ್ಲಿ ತುಟಿ ಒದ್ದೆ ಮಾಡಿದೆ." ಅಲ್ಲಿಗೆ ನಿಲ್ಲಿಸಬೇಕೆಂದುಕೊಂಡಿದ್ದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ತಾಯಿಯನ್ನು ಕೇಳುತ್ತಿದ್ದಾಳೆ" ಎಂದು ಮುಂದಿನ ಸಾಲನ್ನೂ ಓದಿದೆ. ಅದರ ಕೆಳಗೆ ಹನ್ನೊಂದೂ ಇಪ್ಪತ್ತಕ್ಕೆ ಡಾಕ್ಟರಿಗೆ ತಿಳಿಸಿದ್ದು, ಆಮೇಲೆ ಮುಗಿದದ್ದು.

"ನನ್ನ ಕೇಳಿದ್ಲಾ?"

"ಕೇಳಿದ್ಲು."

"ಎಚ್ಚರ ಇರ್ಲಿಲ್ಲ, ಏನೂ ಗೊತ್ತಾಗ್ಲಿಲ್ಲ ಅಂದ್ರಲ್ಲ ಎಲ್ರೂ."

"ಎಚ್ಚರ ಇತ್ತು."

"ನೀವೇನಂದ್ರಿ ಅವಳಿಗೆ?"

"ಬರೆದಿಲ್ಲಮ್ಮ."

"ಜ್ಞಾಪಕ?"

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಅಮ್ಮ ಬರ್ತಾರೆ ಅಂದೆ, ತಲೆ ಸವರಿದೆ ಎಂದರೆ ಆಗುತ್ತಿತ್ತು. ಅಂಥ ಸುಳ್ಳುಗಳನ್ನು ನಾನು ಹೇಳಿದ್ದೇನೆ.

"ಇಲ್ಲ. ನಿಜವಾಗ್ಲೂ ಇಲ್ಲ" ಅಂದೆ.

ಅವಳು ಅಳಲಿಲ್ಲ. ಉಮ್ಮತ್ತಿಯಿಂದ ಕಣ್ಣು ಇನ್ನೂ ಒಣಗಿತ್ತೋ ಏನೋ. "ನಾನು ಬಾಗ್ಲಾಚೆ ನಿಂತಿದ್ದೆ ಸಿಸ್ಟರ್. ಎರಡು ಸಲ ಕೈ ಎತ್ತಿದೆ, ಬಡಿಯೋಣ ಅಂತ. ಬೈತಾರೇನೋ ಅಂತ ಬಡೀಲಿಲ್ಲ" ಎಂದಳು. ಆಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ಬಡಿದಿದ್ರೆ ತೆಗೀತಿದ್ರಾ?"

ಆ ಮಳೆಗಾಲದಲ್ಲಿ ಎಷ್ಟೋ ಜನ ಆ ಬಾಗಿಲು ಬಡಿದಿದ್ದರು. ಒಬ್ಬ ತಂದೆ ಒದ್ದಿದ್ದ. ನಾನು ಒಳಗಿನಿಂದ, ಸುಮ್ನೆ ನಿಂತ್ಕೊಳ್ಳಿ, ಕೆಲಸ ಮಾಡೋಕೆ ಬಿಡಿ ಎಂದು ಕೂಗುತ್ತಿದ್ದೆ.

"ಇಲ್ಲಮ್ಮ" ಅಂದೆ. "ತೆಗೀತಿರ್ಲಿಲ್ಲ. ನೀನು ಎಷ್ಟು ಬಡಿದಿದ್ರೂ ನಾನು ತೆಗೀತಿರ್ಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಅನ್ನಿಸಿತು. ಅವಳು ಕತ್ತು ಎತ್ತಿ, ಮೊದಲ ದಿನವೆಲ್ಲ ಅರಚಿ ಒಡೆದುಹೋದ ದನಿಯಲ್ಲಿ ಜಗಲಿಯಲ್ಲಿದ್ದ ಗಂಡನನ್ನು ಕೂಗಿದಳು. ಅವನು ಓಡಿ ಬಂದು ಮಂಚದ ಕಾಲುದೆಸೆಯಲ್ಲಿ ನಿಂತ.

"ಸಿಸ್ಟರ್ ಏನಂತಾರೆ ಕೇಳಿಸ್ಕೊಳ್ಳಿ. ಕೇಳಿಸ್ಕೊಂಡು ಹೋಗಿ ನಿಮ್ಮಮ್ಮಂಗೂ ಹೇಳಿ" ಎಂದಳು. ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಹೇಳಿ ಸಿಸ್ಟರ್."

ಹೇಳಿದೆ. ಎರಡನೆಯ ಸಲ ಹೇಳುವಾಗ ನನ್ನ ದನಿ ನಡುಗಿತು.